ದಿನಾ ಒಂದು ಲೋಟ ನೀರು ಹಾಕಿದರೆ ಸಸಿ ಉಳಿಯುತ್ತಾ?

ಚಿಕ್ಕಪ್ಪ: (ಫಾರ್ವರ್ಡ್) "ಒಣನೆಲದಲ್ಲೂ ಗಿಡ ಬೆಳೆಸುವುದು ಸುಲಭ! ಆಳೆತ್ತರದ ಸಸಿ ನೆಡಿ. ದಿನಾ ಒಂದು ಲೋಟ ನೀರು ಹಾಕಿ. ಎಲೆ ಒಂದು ದಿನವೂ ಬಾಡಬಾರದು. ಎಲ್ಲರಿಗೂ ಕಳಿಸಿ."

ನಾನು: ಚಿಕ್ಕಪ್ಪ, ಇದನ್ನು ದಯವಿಟ್ಟು ಬೇರೆ ಗುಂಪಿಗೆ ಕಳಿಸಬೇಡಿ. ಮಳೆ ಕಡಿಮೆ ಇರುವ ಕಡೆ ಇದನ್ನು ನಂಬಿ ನೆಟ್ಟರೆ ಸಸಿ ಒಣಗುತ್ತದೆ. ಆಮೇಲೆ ಜನ ಇಲ್ಲಿ ಮರ ಬರೋದೇ ಇಲ್ಲ ಅಂತ ಕೈಬಿಡುತ್ತಾರೆ.

ಚಿಕ್ಕಪ್ಪ: ಇದರಲ್ಲಿ ತಪ್ಪೇನಿದೆ ಹೇಳಪ್ಪ? ಒಣನೆಲದಲ್ಲಿ ಸಸಿ ಸಾಯೋದೇ ನೀರಿಲ್ಲದೆ. ನೀರು ಹಾಕಿ ಅಂತ ತಾನೇ ಬರೆದಿದ್ದಾರೆ?

ನಾನು: ನೀರು ಬೇಕೇ ಬೇಕು. ಆದರೆ ಆ ಒಂದು ಲೋಟ ಎಲ್ಲಿಗೆ ಹೋಗುತ್ತೆ ನೋಡಿ. ಸುರಿದು ಸ್ವಲ್ಪ ಹೊತ್ತು ಬಿಟ್ಟು ಬುಡದ ಪಕ್ಕ ಬೆರಳು ತೂರಿಸಿ. ಮೇಲೆ ಒಂದಿಷ್ಟು ಹಸಿ, ಕೆಳಗೆ ಮಣ್ಣು ಪುಡಿಪುಡಿ. ಆ ಹಸಿಯೂ ಬಿಸಿಲಿಗೆ ಬೇಗ ಆರುತ್ತದೆ. ಬೇರು ಹಸಿ ಇರುವ ಕಡೆಯೇ ಕವಲೊಡೆಯುತ್ತದೆ, ಹಾಗಾಗಿ ಮೇಲ್ಪದರದಲ್ಲೇ ಹರಡಿಕೊಂಡು ಉಳಿಯುತ್ತದೆ, ನಾಲ್ಕು ದಿನ ನೀರು ತಪ್ಪಿತು ಅಂದ್ರೆ ಮೊದಲು ಒಣಗೋದೂ ಅದೇ ಪದರ. ಅದಕ್ಕಿಂತ ವಾರಕ್ಕೊಂದು ಸಲ ಬಕೆಟ್ ನೀರನ್ನು ಪಾತಿಗೆ ನಿಧಾನವಾಗಿ ಬಿಡಿ. ನೀರು ಆಳಕ್ಕೆ ಇಳಿದರೆ ಬೇರೂ ಇಳಿಯುತ್ತದೆ.

ಅಕ್ಕ: ನೆಟ್ಟ ಮರುದಿನದಿಂದಲೇ ವಾರಗಟ್ಟಲೆ ಬಿಟ್ಟರೆ ಸತ್ತೇ ಹೋಗುತ್ತೆ ಕಣೋ. ಬೇರು ಇನ್ನೂ ಚೀಲದ ಮಣ್ಣುಂಡೆ ಒಳಗೇ ಇರುತ್ತೆ, ಆ ಉಂಡೆ ಬೇಗ ಒಣಗುತ್ತೆ. ನಿನ್ನ ಮಾತು ಕೇಳಿ ಯಾರಾದರೂ ಮೊದಲ ವಾರವೇ ನೀರು ನಿಲ್ಲಿಸಿದರೆ?

ನಾನು: ನಿಜ ಅಕ್ಕ, ಅದನ್ನು ಸೇರಿಸಿಯೇ ಹೇಳಬೇಕು. ಬೇರು ಸುತ್ತಲಿನ ಮಣ್ಣು ಹಿಡಿಯುವ ತನಕ ಬೇಗ ಬೇಗ ನೀರು ಕೊಡಬೇಕು. ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗಬೇಕು. ಒಳ್ಳೆ ನರ್ಸರಿಯವರು ಸಸಿ ಕೊಡುವ ಮುಂಚೆಯೇ ಕೆಲವು ವಾರ ನೀರು ಕಡಿಮೆ ಮಾಡಿ, ನೆರಳು ತೆಗೆದು, ಅದನ್ನು ಬಿಸಿಲಿಗೆ ಪಳಗಿಸಿರುತ್ತಾರೆ.

ಚಿಕ್ಕಪ್ಪ: ಎಲೆ ಬಾಡಿದ್ದು ಕಣ್ಣಿಗೆ ಕಂಡರೂ ಸುಮ್ನೆ ನಿಂತು ನೋಡಬೇಕಾ? ನನ್ನ ಕೈಲಿ ಆಗಲ್ಲಪ್ಪ.

ನಾನು: ಯಾವ ಹೊತ್ತಿನಲ್ಲಿ ಬಾಡಿದೆ ನೋಡಿ ಚಿಕ್ಕಪ್ಪ. ಮಧ್ಯಾಹ್ನ ಜೋತುಬಿದ್ದ ಎಲೆ ಬೆಳಗಿನ ಜಾವಕ್ಕೆ ನೆಟ್ಟಗಾಗಿದ್ದರೆ ಭಯ ಬೇಡ, ರಾತ್ರಿ ಬೇರು ಆ ಕೊರತೆ ತುಂಬಿಕೊಂಡಿದೆ. ಸೂರ್ಯ ಹುಟ್ಟುವ ಹೊತ್ತಿಗೂ ಜೋತೇ ಇದ್ದರೆ ಕಾಯಬೇಡಿ, ಅವತ್ತೇ ಕೊಡಿ. ಮಣ್ಣು ಒಣಗಿದಾಗ ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನ್ ಹೆಚ್ಚಾಗಿ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಬರೋದೂ ಅಲ್ಲಿಂದಲೇ, ಹಾಗಾಗಿ ಆಹಾರ ತಯಾರಿ ಇಳಿಯುತ್ತದೆ. ಅದಕ್ಕೂ ಮೊದಲೇ ಹೊಸ ಎಲೆ ಹಿಗ್ಗೋದು ನಿಧಾನವಾಗಿರುತ್ತದೆ, ಯಾಕೆಂದರೆ ಜೀವಕೋಶ ಉಬ್ಬಿ ಬೆಳೆಯಲು ಒಳಗೆ ನೀರಿನ ಒತ್ತಡ ಬೇಕು. ಬೇರು ಮಾತ್ರ ಇನ್ನೂ ಸ್ವಲ್ಪ ಕಾಲ ಬೆಳೆಯುತ್ತದೆ. ಮೇಲೆ ಚಿಗುರು ಕಾಣಲಿಲ್ಲ ಅಂತ ಸಸಿ ಸೋತಿದೆ ಅಂದುಕೊಳ್ಳಬೇಡಿ. ಬರ ತೀರಾ ಬಿಗಿಯಾದರೆ ಮಾತ್ರ ನೀರು ಏರುವ ನಾಳಗಳಲ್ಲಿ ಗಾಳಿಗುಳ್ಳೆ ಸೇರಿ ದಾರಿಯೇ ಕಟ್ಟಿಹೋಗುತ್ತದೆ, ಆಗ ಕೊಡಗಟ್ಟಲೆ ಸುರಿದರೂ ಏಳೋದು ಕಷ್ಟ.

ಮಾವ: ಆಳೆತ್ತರದ ಸಸಿ ವಿಷಯ ಬಿಟ್ಟೆಯಲ್ಲ. ಆಡು ಬಾಯಿ ಹಾಕದಷ್ಟು ಎತ್ತರ ಇದ್ದರೆ ಒಳ್ಳೇದೇ ಅಲ್ವಾ?

ನಾನು: ಮಾವ, ಎತ್ತರದ ಸಸಿಗೆ ಎಲೆ ಜಾಸ್ತಿ, ಆವಿಯಾಗಿ ಹೋಗುವ ನೀರೂ ಜಾಸ್ತಿ, ಸೇದುವ ಬೇರು ಮಾತ್ರ ಚೀಲದಲ್ಲಿ ಹಿಡಿದಷ್ಟೇ. ಬಹಳ ದಿನ ಚೀಲದಲ್ಲೇ ನಿಂತ ಸಸಿಯನ್ನು ಬಿಚ್ಚಿ ನೋಡಿ, ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಂಡು ಹಾಗೇ ಗಟ್ಟಿಯಾಗಿರುತ್ತದೆ. ನೆಲಕ್ಕೆ ಬಂದ ಮೇಲೂ ಅದು ನೆಟ್ಟಗೆ ಇಳಿಯೋದು ಕಷ್ಟ. ಮೊಣಕಾಲುದ್ದದ, ಗಟ್ಟಿ ಕಾಂಡದ ಸಸಿ ಸಾಕು. ಆಡಿಗೆ ಮುಳ್ಳುಬೇಲಿ ಕಟ್ಟಿ.

ಮಾವ: ನೈಜರ್ ದೇಶದಲ್ಲಿ ಸಸಿಯನ್ನೇ ನೆಡದೆ ಮರ ಬೆಳೆಸಿದ್ದಾರಂತೆ. ಅದೂ ಇದೇ ಲೆಕ್ಕವಾ?

ನಾನು: ಅದೇ ಲೆಕ್ಕ ಮಾವ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಅಲ್ಲಿ ನೆಡಿಸಿದ ಸಸಿಗಳು ಬಹುಪಾಲು ಸತ್ತವು. ಆಮೇಲೆ ನೋಡಿದರೆ, ಹೊಲದ ತುಂಬ ಪೊದೆ ಅಂದುಕೊಂಡಿದ್ದೆಲ್ಲ ಕಡಿದ ಮರದ ಬೊಡ್ಡೆಯಿಂದ ಎದ್ದ ಚಿಗುರು. ರೈತರು ಗಟ್ಟಿಯಾದ ಕೆಲವು ಕವಲು ಉಳಿಸಿ ಮಿಕ್ಕಿದ್ದನ್ನು ಸವರಿದರು. ಬೇರು ಆಗಲೇ ಆಳದಲ್ಲಿತ್ತು, ನೀರು ಹೊರುವ ಕೆಲಸವೇ ಇರಲಿಲ್ಲ. ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಮರಳಿ ಬಂದಿದೆ. ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಾಡೊಗೊ ಬೇರೆ ದಾರಿ ಹಿಡಿದರು. ಮಳೆಗೂ ಮೊದಲೇ ಗಟ್ಟಿ ನೆಲದಲ್ಲಿ ಗುಂಡಿ ತೋಡಿ ಗೊಬ್ಬರ ಹಾಕಿಟ್ಟರು, ಹರಿದುಹೋಗುತ್ತಿದ್ದ ಮಳೆನೀರು ಅಲ್ಲೇ ನಿಂತು ಇಂಗಿತು, ಬೆಳೆಯ ಜೊತೆ ಗೊಬ್ಬರದಲ್ಲಿದ್ದ ಬೀಜದಿಂದ ಮರಗಳೂ ಎದ್ದವು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಚಿಕ್ಕಪ್ಪ: ಸರಿ, ಆ ಫಾರ್ವರ್ಡ್ ತೆಗೆಯುತ್ತೇನೆ. ಬದಲಿಗೆ ನೀನೇ ಏನಾದರೂ ಬರೆದು ಹಾಕು. ಆದರೆ ದಿನಾ ಗಿಡದ ಹತ್ತಿರ ಹೋಗೋದು ಅಕ್ಕರೆಯ ಕೆಲಸ. ಅದನ್ನು ಬಿಡಿ ಅಂದ್ರೆ ಜನ ಒಪ್ಪಲ್ಲ.

ನಾನು: ದಿನಾ ಹೋಗಲಿ ಚಿಕ್ಕಪ್ಪ, ಹೋದಾಗ ಬುಡದ ಸುತ್ತ ಒಂದು ಮೀಟರ್ ಹುಲ್ಲು ಕೀಳಲಿ. ಸಸಿಯ ಪಾಲಿನ ನೀರನ್ನು ಮೊದಲು ಕುಡಿಯೋದೇ ಅದು. ಕಿತ್ತ ಹುಲ್ಲನ್ನು ಕಾಂಡಕ್ಕೆ ತಾಗದ ಹಾಗೆ ಪಾತಿಗೆ ಹೊದಿಸಿದರೆ ಹಸಿ ಬೇಗ ಆರುವುದಿಲ್ಲ. ನೆಡೋದು ಮಾತ್ರ ಮಳೆಗಾಲದ ಶುರುವಿನಲ್ಲೇ ಆಗಬೇಕು, ಮಣ್ಣು ಚೆನ್ನಾಗಿ ನೆನೆದ ಕೂಡಲೇ. ಮಳೆಗಾಲದ ಕೊನೆಗೆ ನೆಟ್ಟರೆ ಬೇರು ಇಳಿಯುವ ಮುಂಚೆಯೇ ನೆಲ ಒಣಗುತ್ತದೆ.

ಅಕ್ಕ: ಮೊದಲ ವಾರಗಳ ನೀರಿನ ವಿಷಯ ಎಲ್ಲಕ್ಕಿಂತ ಮೇಲೆ ಬರಿ.