ಕಡಲಹುಲ್ಲಿನ ಮೇಲಿನ ಪಾಚಿ: ಎರಡು ಕೊಲ್ಲಿ ಹೋಲಿಸಲು ಎಷ್ಟು ಸ್ಯಾಂಪಲ್ ಬೇಕು?

ಉಪ್ಪುನೀರು:
ತಮಿಳುನಾಡಿನ ಮಂಡಪಂನಲ್ಲಿ ಪಾಕ್ ಕೊಲ್ಲಿ ಕಡೆ, ಮನ್ನಾರ್ ಕೊಲ್ಲಿ ಕಡೆ ಎರಡರಲ್ಲೂ ಸೈಮೊಡೋಸಿಯಾ ಸೆರುಲಾಟ ಎಂಬ ಕಡಲಹುಲ್ಲಿನ ಎಲೆಗಳ ಮೇಲಿನ ಪಾಚಿಯನ್ನು ತೂಗಿ ಹೋಲಿಸಬೇಕು. ಕೊಲ್ಲಿಗೊಂದು ಜಾಗ, ಜಾಗಕ್ಕೆ 30 ಎಲೆ ಸಾಕಾ? ಕೆರೆಯುವಾಗ ಎಲೆಯ ಸಿಪ್ಪೆಯೂ ಎದ್ದು ಬರುತ್ತಲ್ಲ, ಅದಕ್ಕೇನು ಮಾಡೋದು?

ಕ್ವಾಡ್ರಾಟ್:
ಸಾಲಲ್ಲ. ಒಂದೇ ಜಾಗವಿದ್ದರೆ ವ್ಯತ್ಯಾಸ ಕೊಲ್ಲಿಯದೋ ಆ ಜಾಗದ್ದೋ ಹೇಳೋಕೆ ಬರಲ್ಲ. 300 ಎಲೆ ಕೊಯ್ದರೂ ಅಷ್ಟೇ. ಕೊಲ್ಲಿಗೆ 3 ಜಾಗ (ನಡುವೆ ಕೆಲವು ಕಿಲೋಮೀಟರ್), ಜಾಗಕ್ಕೆ 50 ಮೀಟರ್ ಅಂತರದ 3 ಪ್ಯಾಚ್ (ಹುಲ್ಲಿನ ತುಣುಕು), ಪ್ಯಾಚಿಗೆ 4 ಕ್ವಾಡ್ರಾಟ್ (ನೆಲದ ಮೇಲಿಡುವ ಅಳತೆಯ ಚೌಕಟ್ಟು) ಇಡಿ, ಒಟ್ಟು 72. ಒಂದು ಕ್ವಾಡ್ರಾಟ್‌ನ 5 ಗಿಡಗಳ ಎಲೆ ಸೇರಿ ಒಂದೇ ಸ್ಯಾಂಪಲ್. ಆಳ ಎಲ್ಲ ಕಡೆ ಒಂದೇ ಇರಲಿ.

ಹೆಚ್ಚಿನವರು ಎಡವೋದು ಎಲೆಯ ವಯಸ್ಸಿನಲ್ಲಿ. ಈ ಹುಲ್ಲು ಬುಡದಿಂದ ಬೆಳೆಯುತ್ತೆ, ಹಾಗಾಗಿ ತುದಿಯೇ ಹಳೆಯದು, ಪಾಚಿ ಜಾಸ್ತಿ ಕೂರೋದೂ ಅಲ್ಲೇ. ಒಳಗಿನ ಎಳೆ ಎಲೆಯಿಂದ ಎಣಿಸಿ ಎಲ್ಲ ಕಡೆ ಮೂರನೆಯದನ್ನೇ ತೆಗೆಯಿರಿ. ಬೆಳವಣಿಗೆಯ ವೇಗ ಬೇರೆಯಿರಬಹುದು ಅನಿಸಿದರೆ ಕೆಲವು ಗಿಡಗಳ ಬುಡದಲ್ಲಿ ಸೂಜಿ ಚುಚ್ಚಿ, ವಾರದ ಮೇಲೆ ತೂತು ಎಷ್ಟು ಮೇಲೇರಿದೆ ಅಳೆಯಿರಿ.

ಗಿಡವನ್ನು ನೀರಿನೊಳಗೇ ಜಿಪ್ ಕವರ್‌ಗೆ ಇಳಿಸಿ ಆಮೇಲೆ ಕತ್ತರಿಸಿ. ಮೊದಲೇ ಕಿತ್ತರೆ ನೂಲಿನಂಥ ಪಾಚಿ ಅರ್ಧ ತೊಳೆದು ಹೋಗುತ್ತೆ.

ಸುಣ್ಣದ ಪಾಚಿ:
ಚೂಪಾದ ಬ್ಲೇಡ್ ಬೇಡ. ಸೋಸಿದ ಸಮುದ್ರದ ನೀರಲ್ಲಿ ಎಲೆ ಹಾಸಿ, ಗಾಜಿನ ಸ್ಲೈಡಿನ ಅಂಚನ್ನು ವಾಲಿಸಿ ಹಿಡಿದು ಕೆರೆಯಿರಿ. ಒಂದು ಹನಿ ಮೈಕ್ರೋಸ್ಕೋಪಿನಲ್ಲಿ ನೋಡಿ: ಇಟ್ಟಿಗೆ ಜೋಡಿಸಿದ ಹಾಗೆ ಸಾಲುಸಾಲು ಕೋಶ ಕಂಡರೆ ಅದು ಎಲೆಯ ಸಿಪ್ಪೆ, ಕೈ ಹಗುರ ಮಾಡಿ.

ಮೊದಲೇ ತೂಗಿಟ್ಟ ಜಿಎಫ್/ಸಿ (ಗಾಜಿನ ನಾರಿನ) ಫಿಲ್ಟರಿನಲ್ಲಿ ಸೋಸಿ, ಸ್ವಲ್ಪ ಡಿಸ್ಟಿಲ್ಡ್ ವಾಟರ್ ಹಾಯಿಸಿ (ಇಲ್ಲದಿದ್ದರೆ ಉಪ್ಪನ್ನೂ ತೂಗಿದಂತಾಗುತ್ತೆ), ತೂಕ ಬದಲಾಗದೆ ನಿಲ್ಲುವವರೆಗೆ 60 ಡಿಗ್ರಿಯಲ್ಲಿ ಒಣಗಿಸಿ. ಬಿಳಿ-ಗುಲಾಬಿ ಸುಣ್ಣದ ಹೊಪ್ಪಳೆ ಹೀಗೆ ಏಳಲ್ಲ. ಅದಕ್ಕೆ ಶೇ. 5ರ ಹೈಡ್ರೋಕ್ಲೋರಿಕ್ ಆಸಿಡ್, ಗುಳ್ಳೆ ನಿಲ್ಲುವ ತನಕ. ಆಸಿಡ್ ಕಂಡ ಸ್ಯಾಂಪಲ್‌ನಲ್ಲಿ ಕ್ಲೋರೊಫಿಲ್ ಅಳೆಯೋಕೆ ಹೋಗಬೇಡಿ, ಅದು ಕೆಟ್ಟಿರುತ್ತೆ. ಬೇರೆ ಎಲೆ ಇಟ್ಟುಕೊಳ್ಳಿ. ತೂಕವನ್ನು ಉದ್ದ × ಅಗಲ × 2ರಿಂದ ಭಾಗಿಸಿ, ಎಲೆಗೆ ಎರಡು ಮೈ.

ಉಪ್ಪುನೀರು:
72 ಕಷ್ಟ ಸರ್. ಕ್ವಾಡ್ರಾಟ್ ಇಳಿಸಲಾ, ಜಾಗ ಇಳಿಸಲಾ?

ಕ್ವಾಡ್ರಾಟ್:
ಜಾಗ ಇಳಿಸಬೇಡಿ, ಒಂದು ಹೆಚ್ಚಿಸಿ; ಇಳಿಸೋದು ಪ್ಯಾಚ್. ಕೊಲ್ಲಿಗೆ 4 ಜಾಗ, 2 ಪ್ಯಾಚ್, 4 ಕ್ವಾಡ್ರಾಟ್ ಅಂದರೆ 64. ಸ್ಯಾಂಪಲ್ ಕಡಿಮೆ, ಆದರೂ ಕೊಲ್ಲಿಗಳ ಹೋಲಿಕೆಗೆ ಡಿಗ್ರೀಸ್ ಆಫ್ ಫ್ರೀಡಂ (ಹೋಲಿಕೆಗೆ ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ) 4ರಿಂದ 6ಕ್ಕೆ ಏರುತ್ತೆ. ಮನ್ನಾರ್ ಕಡೆಯ ದ್ವೀಪಗಳು ರಾಷ್ಟ್ರೀಯ ಉದ್ಯಾನದೊಳಗಿವೆ, ಅರಣ್ಯ ಇಲಾಖೆ ಅನುಮತಿಗೆ ಈಗಲೇ ಅರ್ಜಿ ಹಾಕಿ.