ಬರವಣಿಗೆಗೆ ಅಂಕ: ಪರೀಕ್ಷೆಯೋ, ಕೃತಿ ಸಂಪುಟವೋ?

ಕನ್ನಡ ಟೀಚರ್, ಸಿಂಧನೂರು:
ಒಂಬತ್ತನೇ ತರಗತಿಗೆ ಪಾಠ ಮಾಡುತ್ತೇನೆ. ಪರೀಕ್ಷೆಯಲ್ಲಿ ಪ್ರಬಂಧ ಅಂದರೆ ಎಲ್ಲರದ್ದೂ ಗೈಡಿನ ಅದೇ ನಾಲ್ಕು ಪ್ಯಾರಾ. ಆದರೆ ಒಬ್ಬ ಹುಡುಗಿ ಭತ್ತದ ನಾಟಿ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದದ್ದು ಓದಿ ಬೆರಗಾದೆ. ವರ್ಷದ ಬರಹ ಸೇರಿಸಿ ಕೃತಿ ಸಂಪುಟಕ್ಕೇ ಅಂಕ ಕೊಟ್ಟವರು ಇದ್ದೀರಾ?

ಗಂಗಾವತಿ ಮೇಷ್ಟ್ರು:
ಮಾಡಿದ್ದೇನೆ ಮೇಡಂ. ಮೊದಲ ವರ್ಷ ಬರೆದದ್ದೆಲ್ಲ ಫೈಲಿಗೆ ತುಂಬಿಸಿ ಕೆಟ್ಟೆ, 60 ಮಕ್ಕಳ ಫೈಲು ಓದುವಷ್ಟರಲ್ಲಿ ಸಾಕಾಯಿತು. ಈಗ ಮಕ್ಕಳೇ ನಾಲ್ಕು ಬರಹ ಆರಿಸುತ್ತಾರೆ, ಒಂದಕ್ಕೆ ಮೊದಲ ಕರಡೂ ಇರಬೇಕು, ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಅರ್ಧ ಪುಟ ಬರೆಯಬೇಕು. ಮಗು ಕಲಿತದ್ದು ಆ ಅರ್ಧ ಪುಟದಲ್ಲೇ ಜಾಸ್ತಿ ಕಾಣುತ್ತದೆ.

ಪಾಲಕ, ಬಳ್ಳಾರಿ:
ಮನೆಯಲ್ಲಿ ಅಣ್ಣ ಬರೆದುಕೊಟ್ಟರೆ? ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ 80 ಪಾಲು ಲಿಖಿತ ಪರೀಕ್ಷೆಗೇ ಅಲ್ವಾ.

ರಾಯಚೂರಿನವ:
ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1990ರ ದಶಕದಲ್ಲಿ ಇದನ್ನೇ ರಾಜ್ಯಮಟ್ಟದಲ್ಲಿ ಮಾಡಿದ್ದರು. ಶುರುವಿನಲ್ಲಿ ಒಂದೇ ಸಂಪುಟಕ್ಕೆ ಇಬ್ಬರು ಕೊಟ್ಟ ಅಂಕ ಸರಿಯಾಗಿ ತಾಳೆಯಾಗಲಿಲ್ಲ. ಹಾಗಾಗಿ ಮೊದಲು ಇಬ್ಬರು ಟೀಚರ್ ಕೂತು ಹತ್ತು ಫೈಲು ಒಟ್ಟಿಗೆ ನೋಡಿ.

ಗಂಗಾವತಿ ಮೇಷ್ಟ್ರು:
ಅಣ್ಣನ ವಿಷಯಕ್ಕೆ: ಕರಡು ತರಗತಿಯಲ್ಲೇ ಬರೆಸುತ್ತೇನೆ ಸರ್, ಫೈಲು ಬೀರುವಿನಲ್ಲೇ ಇರುತ್ತದೆ.