‘ಉಪಪತ್ನಿ’ ಅಂದರೆ ಹೆಂಡತಿ ಅಲ್ವಾ?

ಎಲ್ಲರಿಗೂ ನಮಸ್ಕಾರ.

ಬೈಬಲಿನ ಪ್ರಕಾರ ಬಹುಪತ್ನಿತ್ವ ತಪ್ಪೋ ಸರಿಯೋ ಎಂಬ ವಾದ ಎದ್ದಾಗಲೆಲ್ಲ ‘ಉಪಪತ್ನಿ’ ಪದ ಅಡ್ಡ ಬರುತ್ತದೆ. ಹೀಬ್ರೂವಿನ ‘ಪಿಲೆಗೆಶ್’ಗೆ ಕನ್ನಡ ಬೈಬಲಿನಲ್ಲಿರುವುದು ಇದೇ. ಓದುವವರು ಅದನ್ನು ‘ಇಟ್ಟುಕೊಂಡವಳು’ ಎಂದು ತಿಳಿಯುತ್ತಾರೆ. ಹಾಗೆ ತಿಳಿದರೆ ಇಸ್ರಾಯೇಲ್ಯರ ಮೂಲಪುರುಷ ಯಾಕೋಬ ದಾಸಿಯರೊಡನೆ ಬಾಳಿದ್ದು ಹಾದರ ಅಂತ ತೀರ್ಪು ಕೊಡೋದು ಸುಲಭ.

ಮೂಲ ಅಷ್ಟು ಸಲೀಸಾಗಿಲ್ಲ. ಆದಿಕಾಂಡ 30ರಲ್ಲಿ ಯಾಕೋಬನ ಹೆಂಡತಿ ರಾಹೇಲಳು ತನ್ನ ದಾಸಿ ಬಿಲ್ಹಳನ್ನು ಅವನಿಗೆ ಹೆಂಡತಿಯಾಗಿ ಕೊಡುತ್ತಾಳೆ. 35ಕ್ಕೆ ಬಂದರೆ ಅದೇ ಬಿಲ್ಹಳು ‘ಪಿಲೆಗೆಶ್’. ನ್ಯಾಯಸ್ಥಾಪಕರು 19 ಇನ್ನೂ ಸ್ವಾರಸ್ಯ. ಲೇವಿಯನೊಬ್ಬನ (ದೇವಾಲಯ ಸೇವೆಯ ಕುಲದವನ) ಉಪಪತ್ನಿ ತವರಿಗೆ ಹೋಗಿ ಕೂತಿದ್ದಾಳೆ. ಕರೆತರಲು ಹೊರಟವನನ್ನು ಮೂಲ ‘ಅವಳ ಗಂಡ’ ಎನ್ನುತ್ತದೆ, ಅವಳ ಅಪ್ಪನನ್ನು ‘ಮಾವ’ ಎನ್ನುತ್ತದೆ. ಆ ಮಾವ ಅಳಿಯನನ್ನು ಮೂರು ದಿನ ಉಳಿಸಿಕೊಂಡು ಉಪಚರಿಸಿ, ಹೊರಟರೆ ಮತ್ತೆ ತಡೆಯುತ್ತಾನೆ. ಮಗಳನ್ನು ಸುಮ್ನೆ ಇಟ್ಟುಕೊಂಡವನಿಗೆ ಇಷ್ಟು ಮರ್ಯಾದೆ ಸಿಕ್ಕೀತೇ? (ಕಥೆಯ ಕೊನೆ ಭೀಕರ, ಅದು ಬೇರೆ ಮಾತು.)

ಕಾನೂನಿನ ಭಾಗದಲ್ಲೂ ಹೀಗೇ. ದಾಸಿಯಾಗಿ ಬಂದವಳನ್ನು ಮದುವೆಯಾದವನು ಇನ್ನೊಬ್ಬಳನ್ನು ತಂದರೂ ಮೊದಲಿನವಳ ಊಟ, ಬಟ್ಟೆ, ದಾಂಪತ್ಯದ ಹಕ್ಕು ಕಡಿಮೆ ಮಾಡುವಂತಿಲ್ಲ (ವಿಮೋಚನಕಾಂಡ 21). ಇದು ನಿಷೇಧವಲ್ಲ, ಕಡಿವಾಣ. ಅರಸನಿಗೆ ಮಾತ್ರ ‘ಬಹಳ ಹೆಂಡಿರು ಬೇಡ’ ಎಂಬ ಮಾತಿದೆ. ಸೊಲೊಮೋನ 700 ಪತ್ನಿಯರು, 300 ಉಪಪತ್ನಿಯರ ತನಕ ಹೋದ! ಹಾಗಂತ ಬೈಬಲು ಇದನ್ನು ಮೆಚ್ಚಿತು ಎನ್ನಲಾಗದು. 1 ಸಮುವೇಲ 1ರಲ್ಲಿ ಎಲ್ಕಾನನ ಇಬ್ಬರು ಹೆಂಡಿರಲ್ಲಿ ಪೆನಿನ್ನಳು ಹನ್ನಳನ್ನು ಕೆಣಕಿ ಕೆಣಕಿ ಅಳಿಸುವುದನ್ನು ಓದಿ. ಅಲ್ಲಿನ ‘ತ್ಸಾರಾ’ ಪದಕ್ಕೆ ನಮ್ಮ ‘ಸವತಿ’ ಹೇಳಿ ಮಾಡಿಸಿದಂತಿದೆ.

ಇನ್ನೊಂದು ಪದ, ಸಭೆಯ ಮೇಲ್ವಿಚಾರಕ ಹೇಗಿರಬೇಕೆಂದು ಹೇಳುವ 1 ತಿಮೊಥೆಯ 3:2ರ ‘ಏಕಪತ್ನಿಯುಳ್ಳವನು’. ಗ್ರೀಕಿನಲ್ಲಿ ಇರುವುದು ‘ಒಬ್ಬ ಹೆಣ್ಣಿನ ಗಂಡು’ ಅಂತ. 5:9ರಲ್ಲಿ ವಿಧವೆಯರಿಗೆ ಅದೇ ಮಾತು ತಿರುವುಮುರುವಾಗಿ ಬರುತ್ತದೆ, ‘ಒಬ್ಬ ಗಂಡಿನ ಹೆಣ್ಣು’. ಒಟ್ಟಿಗೆ ಇಬ್ಬರು ಗಂಡಂದಿರ ಪ್ರಶ್ನೆಯೇ ಅಲ್ಲಿಲ್ಲ. ಹಾಗಾಗಿ ಎರಡೂ ಕಡೆ ಲೆಕ್ಕಕ್ಕಿಂತ ನಿಷ್ಠೆಯೇ ಮುಖ್ಯ ಅಂತ ನನಗನ್ನಿಸುತ್ತದೆ. ‘ಏಕಪತ್ನೀವ್ರತಸ್ಥ’ ಅಂದರೆ ಹತ್ತಿರವಾದೀತು, ಆದರೆ ಥಟ್ಟನೆ ರಾಮ ಬಂದು ನಿಲ್ಲುತ್ತಾನೆ.

ಈಗ ಕೇಳಬೇಕಾದದ್ದು: ಪಿಲೆಗೆಶ್‌ಗೆ ‘ಉಪಪತ್ನಿ’ಯೇ ಇರಲೋ? ‘ಕಿರಿ ಹೆಂಡತಿ’ ಅಂದರೆ ಎರಡನೆಯವಳು ಎಂದಷ್ಟೇ ಆಗುತ್ತದೆ, ದಾಸಿಯ ಅಂತಸ್ತು ಕಾಣುವುದಿಲ್ಲ. ‘ಕೂಡಿಕೆ’ ಜಾಸ್ತಿ ಮರುಮದುವೆಗೆ ಬಳಕೆ, ಅಲ್ವಾ? ಹಳಗನ್ನಡದಲ್ಲಿ ಹೊಂದುವ ಪದ ಇದ್ದರೆ ಬಲ್ಲವರು ತಿಳಿಸಿ.